ಇಳಿಯುವವರಿದ್ದೀರಾ

ಜುಲೈಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ
ಕೈ ಸುಡುತ್ತದೆ.
ತಾರಸಿಯ ಟ್ಯಾಂಕಿ ಹಗಲಿಡೀ ಬೆಂದಿರುತ್ತದೆ.
ಅದಕ್ಕೇ ಗೀಸರಿನ ಸ್ವಿಚ್ಚು ಆರಿಸಿ,
ಎಸಿಯ ತಂಪಿಗೆ ಅದರ ಹೊಟ್ಟೆ ತಣಿದ ಮೇಲೆ
ಬಿಸಿನೀರಿನ ನಲ್ಲಿಯಿಂದ ತಣ್ಣೀರು ಹಿಡಿಯುತ್ತೇವೆ.
ಊರಿನಲ್ಲಿ ಹೇಳಿದೆ, ಯಾರೂ ನಂಬಲಿಲ್ಲ.

ನಿದ್ದೆಯದೂ ಹೀಗೇ.
ಮಂಚದಲ್ಲಿ ಸಿಗದ್ದು ಅಡುಗೆಮನೆಯಲ್ಲಿ ಸಿಕ್ಕೀತೆಂದು
ಎದ್ದು ಬರುತ್ತೇವೆ ಒಬ್ಬೊಬ್ಬರೇ,
ಚಪ್ಪಲಿ ಕೈಯಲ್ಲಿ ಹಿಡಿದು.
ಫರ್ವಾನಿಯಾದ ನಾಲ್ಕನೇ ಮಾಳಿಗೆ,
ಮೂರು ಕೋಣೆ, ಹನ್ನೊಂದು ಹೆಂಗಸರು.
ರಾತ್ರಿ ದೀಪ ಹಾಕಬಹುದಾದದ್ದು ಇದೊಂದೇ ಕಡೆ.

ಎಲ್ಸಿ ಚೇಚಿಗೆ ವಾರ ಹಗಲು ಡ್ಯೂಟಿ, ವಾರ ರಾತ್ರಿ;
ಮೈಯೊಳಗಿನ ಗಡಿಯಾರ ಎಲ್ಲೋ ಬಿದ್ದುಹೋಯಿತಂತೆ,
ಬಹುಶಃ ಆಸ್ಪತ್ರೆಯ ಲಿಫ್ಟಿನಲ್ಲಿ.
ತಿಗಿಸ್ತ್ ಕಾರಣ ಹೇಳುವುದಿಲ್ಲ. ಈರುಳ್ಳಿ ಸುಲಿಯುತ್ತಾಳೆ,
ನಾಳೆಯದು, ನಾಡಿದ್ದಿನದು.
ನನಗೆ ಕಣ್ಣು ಮುಚ್ಚಿದರೆ ಹೊಲಿಗೆ:
ಯಾರದೋ ಅಬಾಯಾದ ಅಂಚು, ಮುಗಿಯದ ಅಂಚು.

ಚಾಂದನಿಯದು ಬೇರೆ.
ಹದಿಮೂರು ವರ್ಷ ಒಬ್ಬ ಮುದುಕಿಯ ಮಂಚದ ಬುಡದಲ್ಲಿ ಮಲಗಿದವಳು.
ಎರಡಕ್ಕೊಮ್ಮೆ ಗಂಟೆ, ಮೂರೂವರೆಗೊಮ್ಮೆ.
ನೀರು, ಮಗ್ಗುಲು, ಮತ್ತೆ ನೀರು.
ಏಪ್ರಿಲಿನಲ್ಲಿ ಮುದುಕಿ ಹೋದಳು.
ಮಕ್ಕಳು ಒಂದು ಬಳೆ ಕೊಟ್ಟು ಕಳಿಸಿದರು.
ಗಂಟೆ ಮಾತ್ರ ಇವಳ ಕಿವಿಯಲ್ಲೇ ಉಳಿಯಿತು.
"ಬಂದೆ ಮಾಮಾ" ಎನ್ನುತ್ತಾಳೆ ಅರಬಿಯಲ್ಲಿ, ಗೋಡೆಗೆ.

ನಮ್ಮ ಮಾತು ಅರ್ಧ ಅರಬಿ, ಅರ್ಧ ಹಿಂದಿ,
ಉಳಿದದ್ದು ಕೈ.
ಒಮ್ಮೆ ಕೇಳಿಕೊಂಡೆವು, ನಿದ್ದೆಗೆ ನಿಮ್ಮಲ್ಲಿ ಎಂತ ಹೇಳುತ್ತಾರೆ?
ಉರಕ್ಕಂ, ಎಂದಳು ಚೇಚಿ.
ನನಗದು ಎಲ್ಲೋ ಒರಗಿದ ಹಾಗೆ ಕೇಳಿಸಿತು.
ನಿಂದ, ಎಂದಳು ಚಾಂದನಿ.
ನಾನು ನಕ್ಕೆ: ನಮ್ಮಲ್ಲಿ ನಿಂದೆ ಎಂದರೆ ಬೈಗುಳ, ಮಾರಾಯ್ತಿ.
ಅವಳು ನಗಲಿಲ್ಲ. ಸ್ವಲ್ಪ ಯೋಚಿಸಿ
ಸರಿಯೇ ಇದೆ, ಎಂದಳು,
ಆ ಮನೆಯಲ್ಲಿ ಎರಡೂ ಒಟ್ಟಿಗೇ ಬರುತ್ತಿದ್ದವು.
ತಿಗಿಸ್ತ್ ತನ್ನ ಪದ ಕೊಡಲೇ ಇಲ್ಲ.
ರಾತ್ರಿ ಹೆಸರೆತ್ತಿದರೆ ಓಡಿಹೋಗುತ್ತದಂತೆ.
ನಾವು ಹಾವಿಗೆ ಹುಳ ಎನ್ನುತ್ತೇವಲ್ಲ, ಹಾಗಿರಬೇಕು.

ನಿನ್ನೆ ಚೇಚಿ ಯಾರದೋ ಬಾಣಂತನದ ಕತೆ ಹೇಳುತ್ತಿದ್ದಾಗ
ಫ್ರಿಜ್ಜಿಗೆ ತಲೆಯಾನಿಸಿದ ಚಾಂದನಿಯ ಬಾಯಿ ತುಸು ತೆರೆಯಿತು.
ಲೋಟ ವಾಲಿತು.
ತಿಗಿಸ್ತ್ ಅದನ್ನು ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡಳು.
ನಾವು ಸುಮ್ಮನಾದೆವು.
ಸುಮ್ಮನಾದದ್ದೇ ತಪ್ಪು.
ಕಣ್ಣು ಬಿಟ್ಟಳು: ಯಾರು ಕರೆದದ್ದು?
ಯಾರೂ ಇಲ್ಲವೆಂದು ಚೇಚಿ ಬಾಣಂತಿಯನ್ನು ಮತ್ತೆ ಹಿಡಿದಳು.
ರೆಪ್ಪೆ ಮತ್ತೆ ಇಳಿಯಿತು.
ಆಗ ತಿಳಿಯಿತು, ಆ ಗಂಟೆ ಬಾರಿಸುವುದು ಮೌನದಲ್ಲಿ.
ಮಾತು ನಡೆಯುತ್ತಿದೆಯೆಂದರೆ
ಮುದುಕಿಯ ಹತ್ತಿರ ಬೇರೆ ಯಾರೋ ಇದ್ದಾರೆ.

ಬಾಣಂತನ ಮುಗಿಯಿತು, ಮಗುವಿಗೆ ಹೆಸರಿಟ್ಟೂ ಆಯಿತು.
ಇಬ್ಬರೂ ನನ್ನ ಮುಖ ನೋಡಿದರು.
ನನಗೆ ಕತೆ ಬರುವುದಿಲ್ಲ.
ಹೊಲಿಗೆ ಕಲಿಯುವಾಗ ಎರಡು ವರ್ಷ
ಕುಂದಾಪುರದಿಂದ ಸಂಜೆಯ ಬಸ್ಸು.
ಸೀಟು ಸಿಕ್ಕಿದ್ದೇ ನಿದ್ದೆ; ಊರು ಬಂದಾಗ
ಕಂಡಕ್ಟರ್ ಮಂಜಯ್ಯಣ್ಣ ಕಂಬಿಗೆ ನಾಣ್ಯ ಬಡಿದು ಎಬ್ಬಿಸುತ್ತಿದ್ದ.
ಅವನ ರಾಗದಲ್ಲೇ ಶುರುಮಾಡಿದೆ, ನಾಣ್ಯ ಬಡಿಯದೆ:
ತಲ್ಲೂರು, ಹೆಮ್ಮಾಡಿ, ಮುಳ್ಳಿಕಟ್ಟೆ.
ತ್ರಾಸಿ.
ಮರವಂತೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ತಲೆ ಹೊರಗೆ ಹಾಕಬೇಡಿ.
ನಾವುಂದ. ಕಿರಿಮಂಜೇಶ್ವರ.
ನಾಗೂರು, ಕಂಬದಕೋಣೆ.
ಉಪ್ಪುಂದ.

ನಾನು ಇಳಿಯಬೇಕಾದದ್ದು ಉಪ್ಪುಂದ.
ಸಣ್ಣ ಗೊರಕೆ ಕೇಳಿಸಿತು.
ಇಳಿಯಲಿಲ್ಲ.
ಬೈಂದೂರು ಎಂದೆ, ಶಿರೂರು ಎಂದೆ, ಭಟ್ಕಳ.
ಆಚೆಯ ದಾರಿ ನನಗೆ ಗೊತ್ತಿಲ್ಲ, ಕಟ್ಟಿ ಹೇಳಿದೆ:
ಗೀಸರುಕಟ್ಟೆ, ಈರುಳ್ಳಿಕೋಣೆ.
ತಿಗಿಸ್ತ್ ತನ್ನೂರ ರಸ್ತೆಯ ಎರಡು ಹೆಸರು ಸೇರಿಸಿದಳು,
ದೆಸ್ಸಿ, ಕೊಂಬೋಲ್ಚಾ.
ಬಸ್ಸು ಅಲ್ಲಿಗೂ ಹೋಯಿತು.

ಬಾಂಗು ಕೂಗಿತು. ಚಾಂದನಿ ಏಳಲಿಲ್ಲ.
ಐದಕ್ಕೆ ಅವಳ ಕಂಪನಿಯ ವ್ಯಾನು ಕೆಳಗೆ ಬರುತ್ತದೆ.
ಎಬ್ಬಿಸುವುದು ಯಾರು ಎಂದು
ಮೂವರೂ ಮುಖ ನೋಡಿಕೊಂಡೆವು,
ಮಾತು ನಿಲ್ಲಿಸದೆ.