ಬಲಗಾಲು

ಧಾನೋರಿ ನಾಕಾದ ಹಿಂದ ನನ್ನ ಅಂಗಡಿ.
ಸೀರಿಗೆ ಫಾಲು, ಪಿಕೋ, ಹರದ ಚೈನು.
ಲೋಹಗಾಂವದಿಂದ ಜೋಡಿ ವಿಮಾನ ಎದ್ದಾಗ
ಸೂಜಿ ಡಬ್ಬಿ ತಾನ ಗಲಗಲ ಅಂತದ,
ಗಿರಾಕಿ ಕಿವಿ ಮುಚ್ಚಕೋತಾಳ, ನಾ ಹೊಲಿಗಿ ನಿಲ್ಲಸೂದಿಲ್ಲ.
ಇಪ್ಪತ್ತೆರಡು ವರ್ಷದಾಗ ಒಮ್ಮಿನೂ
ತಲಿ ಎತ್ತಿ ನೋಡಿರಲಿಲ್ಲ.

ಮ್ಯಾಲಿನ ಮನಿ ಗಾಯಕವಾಡರ ಸೋಹಮ್,
ಅಪ್ಪ ಬೈತಾನಂತ ಕಂಪ್ಯೂಟರು ನನ್ನ ಅಂಗಡ್ಯಾಗ ತಂದಿಟ್ಟ.
ಒಂದಿನ ಕೇಳಿದ, “ಮಾವಶಿ,
ಮೂಲ್ಯಾಗಿನ ಹಳೀ ಕಾಲಮಷೀನಿನ ಪೆಡಲು ಕೊಡತೀಯೇನು?”
ತುಕ್ಕು ಹಿಡದಿತ್ತು. ಕೊಟ್ಟೆ.
ಅಡ್ಡ ತಿರುವಿದ, ಕೆಳಗ ರೇಡಿಯೋದ ಕಿವಿ ಕೂಡಿಸಿದ,
ವೈರು ಎಳದು ಸಿಗಸಿದ. “ಈಗ ಇದು ರಡ್ಡರ್.”
ಅವ್ವ ಕೊಟ್ಟ ಬಳುವಳಿ, ಇಂಡಿಯಿಂದ ರೈಲಿನಾಗ ಬಂದದ್ದು,
ಯುದ್ಧವಿಮಾನದ ಬಾಲ ಆತು.

ಹುಡುಗ ಹಾರಸ್ತಿದ್ದ, ನಾ ಚಾ ಕುಡಕೋತ ನೋಡ್ತಿದ್ದೆ.
ಎರಡು ಸಾವಿರ ಕುದುರಿ ಒಂದ ಮೂಗಿಗೆ ಕಟ್ಟಿದ ವಿಮಾನ.
ಥ್ರಾಟಲ್ ಒಮ್ಮೆಲೆ ತಳ್ಳಿದ.
ಪಂಖಾ ಒಂದು ಕಡೆ ತಿರುಗಿದರ ಮೈ ಇನ್ನೊಂದು ಕಡೆ:
ಓಡೂದು ಬಿಟ್ಟು ಎಡಕ್ಕ ಹೊಳ್ಳಿ
ಹುಲ್ಲಿನಾಗ ಮೂಗು ಊರಿತು. ಮತ್ತ. ಮತ್ತ.
ಒಂಬತ್ತು ವಿಮಾನ ಹೋದ ಮ್ಯಾಲೆ ನಾ ಅಂದೆ:
ಸರಿ ಆ ಕಡೆ.

ಗೊತ್ತಿತ್ತು ನನಗ ಈ ಎಳತ.
ಮೋಟಾರಿನ ದೊಡ್ಡ ಮಷೀನು ತಂದ ದಿನ
ಕಣ್ಣು ಮಿಟಕಸೂದರಾಗ ಒಬ್ಬಾಕಿ ಮದಿವಿ ಸೀರಿ ಸೆರಗು
ಗಂಟಾಗಿ ಹಲ್ಲಿಗೆ ಸಿಕ್ಕಿತ್ತು.
ಅದರ ರೊಕ್ಕ ತೀರಸೂದು ದೀಪಾವಳಿ ತನಕ ನಡೀತು.
ಬಲ ಇದ್ದದ್ದಕ್ಕ ಮೊದಲ ಬೆರಳ ತುದಿ ಅಷ್ಟ ಕೊಡಬೇಕು.
ಅದು ಎಳಿಯೂಕಿಂತ ಮೊದಲ ಬಲಗಾಲು ಹೇಳಬೇಕು:
ಇಲ್ಲ, ನೆಟ್ಟಗ.

ನೆಟ್ಟಗ ಹೋತು.
ಬಾಲ ಎದ್ದಿತು, ನೆಲ ಬಿಟ್ಟಿತು.
ಹೊಟ್ಟಿ ಮಾತ್ರ ಧಾನೋರ್ಯಾಗ ಉಳೀತು.

ಆಟದಾಗ ನನ್ನ ಹೆಸರು ಫಾಲ್‌ಪಿಕೋ.

ಹಗುರ ವಿಮಾನದ ಬೆನ್ನ ಹತ್ತಿ ತಿರುಗಬಾರದು,
ಅದು ಕರವಸ್ತ್ರದಾಗ ತಿರುಗತದ,
ನಮ್ಮದಕ್ಕ ಒಂಬತ್ತು ವಾರಿ ಬೇಕು.
ಹಠ ಮಾಡಿ ಕೋಲು ಎದಿಗೆ ಎಳಕೊಂಡರ
ಮೊದಲ ಮೈ ನಡಗತದ. ಅದು ಬೈಯೂದಲ್ಲ, ಹೇಳೂದು.
ಕೇಳದಿದ್ದರ ಒಂದು ರೆಕ್ಕಿ ಸೋಲತದ,
ಆಕಾಶ ಬುಗುರಿ.
ಆಗ ಎಂಜಿನ್ ಇಳಸಿ, ಕೋಲು ಮುಂದ,
ಸುತ್ತಿನ ಎದುರಿಗೆ ಕಾಲು. ಆಮ್ಯಾಲೆ ಕಾಯಬೇಕು.
ಸೋಹಮ್‌ಗ ಈ ಕಾಯೂದು ಬರೂದಿಲ್ಲ.
ಬಾಕಿ ಕೇಳಿ ಕೇಳಿ ನನಗ ಬರತದ.

ಮತ್ತ ಎತ್ತರ ಅಂದ್ರ ಭೀಶಿ ರೊಕ್ಕ.
ಬೇಕಾದಾಗ ಮುರದು ವೇಗ ಮಾಡಕೋಬಹುದು,
ವೇಗ ಖರ್ಚಾಗೂ ಮೊದಲ ಮತ್ತ ಮ್ಯಾಲೆ ಜಮಾ.

ನಿನ್ನಿ ರಾತ್ರಿ ಒಬ್ಬ ಸಿಕ್ಕ. ಯಾವ ದೇಶದಾವನೋ,
ಹೆಸರು ನನಗ ಓದಾಕ ಬರದ ಲಿಪಿ.
ನಾ ಮ್ಯಾಲೆ, ಸೂರ್ಯ ನನ್ನ ಬೆನ್ನಿಗೆ.
ಇಳದೆ. ಗಾಳಿ ಕೋರಾ ಬಟ್ಟಿ ಹರದಂಗ ಚರ್ರಂತು,
ಕೋಲು ಕಲ್ಲಾತು; ಜಗ್ಗಲಿಲ್ಲ, ಟ್ರಿಮ್ಮಿನ ಗಾಲಿ
ನೂಲಿನಷ್ಟ ನೂಲಿನಷ್ಟ ತಿರುವಿದೆ.
ಅವನ ರೆಕ್ಕಿ ಮ್ಯಾಲಿನ ತ್ಯಾಪಿ ಕಾಣೂ ತನಕ
ಗುಂಡಿಗೆ ಬೆರಳು ಇಡಲಿಲ್ಲ.
ಇಟ್ಟದ್ದು ನಾಕು ಹೊಲಿಗಿ ಬೀಳೂವಷ್ಟ ಹೊತ್ತು.
ರೆಕ್ಕಿ ಬುಡದಾಗ ಬಿಚ್ಚಿತು, ಬಗಲಿನ ಹೊಲಿಗಿ ಬಿಚ್ಚಿದಂಗ.
ಪಾಪ ಅನಸಲಿಲ್ಲ. ಸುಳ್ಳು ಯಾಕ ಹೇಳಲಿ, ಛಂದ ಅನಸ್ತು.
ಛಂದ ಅನಸಿದ್ದಕ್ಕ ಸ್ವಲ್ಪ ಹೆದರಿಕಿ ಆತು.

ಹೊಳ್ಳಿ ಬಂದು, ಗಾಲಿ ಇಳಸಿ,
ರನ್‌ವೇ ಇನ್ನೇನು ಎರಡು ಗೇಣು ಅನ್ನೂದರಾಗ
ಕರೆಂಟು ಹೋತು.
“ಆಯ್ಲಾ” ಅಂದ ಸೋಹಮ್.
ವಿಮಾನ ಎಲ್ಲೋ ಅದ, ನಾ ಇಲ್ಲದ,
ಗಾಲಿ ಕೆಳಗ ಬಿಟಗೊಂಡು.

ಅಷ್ಟರಾಗ ಖರೇದ ಒಂದು ಎದ್ದಿತು ಲೋಹಗಾಂವದಾಗ,
ಕತ್ತಲಾಗ ಸೂಜಿ ಡಬ್ಬಿ ಗಲಗಲ.
ಈ ಸರ್ತಿ ಹೊರಗ ಹೋಗಿ ನೋಡೂಣಂದೆ.
ಏಳಾಕ ಆಗಲಿಲ್ಲ:
ಬಲಗಾಲು ಪೆಡಲು ಇನ್ನೂ ಒತ್ತೇ ಹಿಡದಿತ್ತು,
ಬಿಟ್ಟರ ಎಡಕ್ಕ ಹೋಗತದಲ್ಲ.