ಹೆಡತಲೆ

ಇಪ್ಪತ್ತಾರು ವರ್ಷ ಈ ಊರಿಗೆ ನಾನು ತೋರಿಸಿದ್ದು ಬೆನ್ನು.
ವಾಲ್ಪರೈಸೊದ ಟ್ರಾಲಿ ಬಸ್ಸು, ನೆತ್ತಿಯ ಮೇಲೆ ಜೋಡಿ ತಂತಿ,
ಒಂದು ಮಗ್ಗುಲಿಗೆ ಬಂದರಿನ ಕ್ರೇನು, ಇನ್ನೊಂದಕ್ಕೆ
ಮನೆಗಳನ್ನು ಹೊತ್ತು ಏದುಸಿರು ಬಿಡುವ ಗುಡ್ಡ.
ಹತ್ತುವಾಗ ಜನ ನೋಡುವುದು ಚಿಲ್ಲರೆ ಎಣಿಸುವ ಕೈ,
ಕೂತ ಮೇಲೆ, ಹೆಡತಲೆ.

ನನ್ನ ಲೆಕ್ಕದಲ್ಲಿ ಮಾತ್ರ ನಾನೆಂದರೆ ಮುಖ.
ಬೆಳಗಿನ ಐದಕ್ಕೆ ನುಣ್ಣಗೆ ಬೋಳಿಸಿದ ಗದ್ದ,
ಅಪ್ಪನಿಂದ ಬಂದ ಮೂಗು,
ಬೇಕೆಂದಾಗ ಒಂದೇ ಕಡೆ ಏರುವ ಹುಬ್ಬು.
ಅದನ್ನು ಕಲಿತದ್ದು ಹದಿನೇಳನೇ ವಯಸ್ಸಿನಲ್ಲಿ,
ಬಚ್ಚಲಲ್ಲಿ, ಬಾಗಿಲು ಹಾಕಿಕೊಂಡು.
ಬಾಲ್ಡೊಮೇರೊ ಎಂದರೆ ಸಿಟ್ಟು ನುಂಗಬಲ್ಲ ಗಂಡಸು,
ಯಾರಿಗೂ ಏನೂ ಬಿಟ್ಟುಕೊಡದವನು:
ಹೀಗೊಂದು ಅಭಿಪ್ರಾಯ ನನಗಿತ್ತು, ನನ್ನ ಬಗ್ಗೆ.

ಮೊನ್ನೆ ಮೀನಿನಂಗಡಿಯ ಸಾಲಿನಲ್ಲಿ ನಿಂತಿದ್ದೆ.
ಹಿಂದಿನಿಂದ ಒಬ್ಬಾಕೆ, ತುಂಬ ಬಳಕೆಯ ದನಿಯಲ್ಲಿ,
"ಏನು ಡ್ರೈವರೇ, ಇವತ್ತು ರಜೆಯೇ?"
ತಿರುಗಿದೆ. ಹುಬ್ಬನ್ನೂ ಏರಿಸಿದೆ.
"ಅಯ್ಯೋ, ತಪ್ಪು ತಿಳೀಬೇಡಿ," ಎಂದಳು,
"ಬೇರೆ ಯಾರೋ ಅಂದುಕೊಂಡೆ."

ರಾತ್ರಿ ಎದೆಲ್ಮಿರಾಳ ಕೈಗನ್ನಡಿ ಇಸಕೊಂಡು
ದೊಡ್ಡ ಕನ್ನಡಿಗೆ ಬೆನ್ನು ಮಾಡಿ ನಿಂತೆ.
ಕತ್ತಿನಲ್ಲಿ ಎರಡು ಮಡಿಕೆ. ಕಡಲೆಕಾಳಿನಷ್ಟು ಮಚ್ಚೆ.
ಕೂದಲು ಹೋದಲ್ಲಿ ಬಿಲ್ಲೆಯಗಲ ಚರ್ಮ,
ಯಾವನೋ ಮುದುಕನದು.
"ಇದೆಲ್ಲ ಯಾವಾಗ ಬಂತು?"
"ಯಾವತ್ತೂ ಇತ್ತಲ್ಲ," ಅಂದಳು, ಹೊಲಿಗೆಯಿಂದ ತಲೆಯೆತ್ತದೆ,
"ಕಿವಿಯೂ ಅಷ್ಟೆ. ಸಿಟ್ಟು ಬಂದರೆ ಮೊದಲು ಕೆಂಪಾಗೋದು ಅದೇ.
ಅಳು ಬಂದರೂ."

ನನಗೆ ಅಳು ಬರುವುದಿಲ್ಲ ಎನ್ನಲು ಬಾಯಿ ತೆರೆದೆ.
ಕಿವಿ ಬಿಸಿಯಾಯಿತು.

ಅವ್ವ ಸತ್ತ ವಾರ ನಾನು ರಜೆ ಹಾಕಿರಲಿಲ್ಲ.
ಕಂಬಿ ತಂತಿ ತಪ್ಪಿದಾಗಲೆಲ್ಲ ಇಳಿದು, ಬಸ್ಸಿನ ಹಿಂದೆ ಹೋಗಿ,
ಹಗ್ಗ ಜಗ್ಗಿ ಮತ್ತೆ ಕೂರಿಸಿ ಬಂದೆ.
ಆ ವಾರ ಯಾರೂ ಗೊಣಗಲಿಲ್ಲ, ಗಂಟೆ ನೋಡಿಕೊಳ್ಳಲಿಲ್ಲ.
ಶುಕ್ರವಾರ, ಕೊನೆಯ ನಿಲ್ದಾಣದಲ್ಲಿ,
ನನ್ನ ಸೀಟಿನ ಹಿಂದಿನ ಹಲಗೆಯ ಮೇಲೆ ಒಂದು ಕಿತ್ತಳೆ.
ಸಿಪ್ಪೆಯನ್ನು ತುದಿಯಲ್ಲಿ ಸ್ವಲ್ಪ ಬಿಡಿಸಿಟ್ಟಿದ್ದರು,
ಉಗುರಿಗೆ ಸುಲಭವಾಗಲೆಂದು.
ಯಾರೋ ಮರೆತು ಹೋಗಿದ್ದಾರೆಂದು
ಡಿಪೋದಲ್ಲಿ ಒಪ್ಪಿಸಿದೆ.
ರಸೀದಿ ಕೇಳಿ ಪಡೆದೆ.

ಇವತ್ತು ಗದ್ದ ಬೋಳಿಸಿದ ಮೇಲೆ
ಸೋಪಿನ ಕೈಯನ್ನು ಹಿಂದಕ್ಕೂ ಒಯ್ದೆ,
ಕಾಣದ ಕಡೆಗೆ, ಅಂದಾಜಿನ ಮೇಲೆ,
ಮೆಲ್ಲಗೆ,
ಬೇರೆಯವರ ಕೂಸಿಗೆ ನೀರು ಹಾಕುವ ಹಾಗೆ.