ಸಮುದ್ರ ಮಟ್ಟದಿಂದ

ನಮ್ಮೂರಲ್ಲಿ ಕಡಲು ಕಾಣಸಿಗುವುದು ಒಂದೇ ಕಡೆ:
ಹಾಸನ ಸ್ಟೇಷನ್ನಿನ ಹಳದಿ ಹಲಗೆಯ
ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ,
ಸಮುದ್ರ ಮಟ್ಟದಿಂದ ಇಷ್ಟು ಮೀಟರು ಎತ್ತರ ಎಂದು.
ಪ್ಲಾಟ್‌ಫಾರ್ಮಿನ ಅಂಚಿಗೆ ನಿಂತು ಬಗ್ಗಿದರೆ
ಜಲ್ಲಿಕಲ್ಲು, ಗುಟ್ಕಾ ಚೀಟಿ,
ಯಾರೋ ಕುಡಿದೆಸೆದ ನೀರಿನ ಬಾಟಲಿ.

ಈ ಸಲ ಪಠ್ಯಪುಸ್ತಕಕ್ಕಿಂತ ಮೊದಲೇ ಸುತ್ತೋಲೆ ಬಂತು:
ಜೂನ್ ಎಂಟು, ವಿಶ್ವ ಸಾಗರ ದಿನ.
ಪ್ರತಿಜ್ಞೆ ಬೋಧಿಸಿ. ಚಿತ್ರ ಬರೆಸಿ. ಫೋಟೊ ಕಳಿಸಿ.
ವಿಜ್ಞಾನದ ಹುದ್ದೆ ಖಾಲಿ;
ನೀಲಿ ಬಣ್ಣ ಇರುವುದು ಇವರ ಹತ್ತಿರವೇ ಎಂದು
ಡ್ರಾಯಿಂಗ್ ಮೇಷ್ಟ್ರಾದ ನನ್ನ ತಲೆಗೆ ಕಟ್ಟಿದರು.

ಗೇಟಿನ ಫ್ಲೆಕ್ಸಿನಲ್ಲಿ ತಿಮಿಂಗಿಲ ನಗುತ್ತಿತ್ತು
(ನಾಳೆ ಅದು ಸೌದೆ ಕೋಣೆಯ ಸೋರುವ ಮಾಡಿಗೆ).
ಎಂಟನೇ ಕ್ಲಾಸು ಕೈ ಚಾಚಿತು.
ಕಡಲಿಗೆ ಕಸ ಹಾಕೆವೆಂದು
ನೂರ ಎಪ್ಪತ್ತು ಕಿಲೋಮೀಟರು ದೂರ ನಿಂತು
ನಲವತ್ತೊಂದು ಕಂಠ.
ಹಿಂದಿನ ಬೆಂಚಿನ ನಿತಿನ ಕೇಳಿದ:
"ಹೇಮಾವತಿಗೆ ಹಾಕಬೋದಾ ಸಾರ್?"
ನಕ್ಕರು. ನಾನೂ ನಕ್ಕೆ.
ಆಮೇಲೆ ಆ ನಗು ಗಂಟಲಲ್ಲಿ ಮುಳ್ಳಾಯಿತು.
ಗೊರೂರು ದಾಟಿ, ಕಾವೇರಿ ಸೇರಿ,
ತಮಿಳು ಕಲಿತು, ಕೊನೆಗೆ ಹೋಗಿ ಬೀಳುವುದೆಲ್ಲಿ ಎಂದು
ಬೋರ್ಡಿನ ಮೇಲೆ ಗೆರೆ ಎಳೆಯುತ್ತ ಹೋದೆ.
ಬೋರ್ಡು ಮುಗಿಯಿತು;
ಗೋಡೆಯ ಮೇಲೂ ಒಂದು ಮೊಳ ಎಳೆದೆ.

ಚಿತ್ರ ಬರೆದರು. ಕೈಯೆಲ್ಲ ನೀಲಿ.
ಎಲ್ಲರ ಕಡಲಿಗೂ ಆಚೆ ದಡವಿತ್ತು.
ದಡದಲ್ಲಿ ತೆಂಗು; ಒಂದರಲ್ಲಿ
ಎಮ್ಮೆ ತೊಳೆಯುವ ಅಜ್ಜ,
ಇನ್ನೊಂದರಲ್ಲಿ ತೂಬು, ಕೋಡಿ.
ಕೆರೆ ಕಂಡ ಕಣ್ಣು ಇನ್ನೇನು ಬರೆದೀತು?
ತಿದ್ದಲು ಹೋಗಲಿಲ್ಲ. ಎಮ್ಮೆ ಚೆನ್ನಾಗಿತ್ತು.

ರಮ್ಲತ್ ಮಾತ್ರ ನೀಲಿ ಮುಟ್ಟಿರಲಿಲ್ಲ.
ಪೆನ್ಸಿಲ್ಲಿನಲ್ಲಿ ಒಂದು ಲಾರಿ,
ಟೈರು ಬಿಚ್ಚಿ ಇಟ್ಟಿಗೆಯ ಮೇಲೆ ನಿಲ್ಲಿಸಿದ್ದು.
ಪಕ್ಕದಲ್ಲಿ ಕವುಚಿ ಹಾಕಿದ ಮೀನಿನ ಪೆಟ್ಟಿಗೆಗಳು,
ಒಂದರ ಮೇಲೆ ಕೋಳಿ.
"ಕಡಲೆಲ್ಲಮ್ಮ?"
"ನೋಡಿಲ್ಲ ಸಾರ್. ಮೂಸಿದ್ದೀನಿ."

ಅವಳಪ್ಪ ಇದಿನಬ್ಬ
ರಾತ್ರಿ ದಕ್ಕೆಯಲ್ಲಿ ಲೋಡು ಮಾಡಿ, ಶಿರಾಡಿ ಹತ್ತಿ,
ಬೆಳಗಿನ ನಾಲ್ಕಕ್ಕೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಬಂಗುಡೆ ಇಳಿಸುವವನು.
ಐಸು ಕರಗಿ, ಘಾಟಿಯ ಒಂದೊಂದು ತಿರುವಿಗೂ
ಉಪ್ಪುನೀರು ತೊಟ್ಟಿಕ್ಕುತ್ತ ಬರುವ ಲಾರಿ.
ಉಳಿದದ್ದು ಅವರ ಮನೆ ಮುಂದೆ ಸೋರುತ್ತದೆ,
ಮೂರು ಬೆಕ್ಕುಗಳಿಗೆ ಸಾಕಾಗುವಷ್ಟು ಕಡಲು.

"ಈಗ ಬೋಟು ಇಳಿಯಲ್ಲ ಸಾರ್.
ಮೀನು ಮೊಟ್ಟೆ ಇಡೋ ಹೊತ್ತು.
ಕಡಲಿಗೆ ಬಾಣಂತನ,
ಕೋಣೆ ಬಾಗಿಲು ಬಡೀಬಾರದು ಅಂತಾರೆ ಅಪ್ಪ.
ಕೆಲವರು ಎಲ್ಲಿಂದಲೋ ಐಸಿನದು ತಂದು ಮಾರ್ತಾರೆ.
ಅಪ್ಪ ಪೆಟ್ಟಿಗೆ ತೊಳೆದಿಟ್ಟು
ಗಾರೆ ಕೆಲಸಕ್ಕೆ ಹೋಗ್ತಾರೆ."
ಜೂನು ಮೂವತ್ತು, ಜುಲೈ ಮೂವತ್ತೊಂದು,
ಬೆರಳ ಗೆಣ್ಣಿನ ಮೇಲೇ ಲೆಕ್ಕ ಒಪ್ಪಿಸಿದಳು.
"ಆಗಸ್ಟಲ್ಲಿ ಮೊದಲ ಲೋಡು ಬಂದಾಗ
ನಮ್ಮ ಬೀದಿಗೆ ಬನ್ನಿ ಸಾರ್, ಮೂಸೋಕೆ."

ಸಂಜೆ ವರದಿ ತುಂಬಲು ಕೂತೆ.
ಭಾಗವಹಿಸಿದವರು: ನಲವತ್ತೊಂದು.
ಫೋಟೊ: ಮೂರು. ಎಮ್ಮೆಯದೂ ಸೇರಿಸಿದೆ.
ಆಚರಣೆಯ ಅವಧಿ ಎಂಬಲ್ಲಿ
ಕೈ ಒಂದು ಗಳಿಗೆ ತಡೆಯಿತು;
ಅರವತ್ತೊಂದು ದಿನ ಎಂದು ಬರೆದೆ.
ಹೆಡ್‌ಮಾಸ್ಟರು ಕನ್ನಡಕ ಏರಿಸಿ ನೋಡಿ,
ಬಾಯಿತಪ್ಪಿನ ಹಾಗೆ ಕೈತಪ್ಪಿರಬೇಕೆಂದು
ಕೆಂಪಿನಲ್ಲಿ ಹೊಡೆದು,
ಒಂದು ಎಂದು ತಿದ್ದಿ, ಮೊಹರು ಒತ್ತಿದರು.